ಸಿಎ ಫೈನಲ್ ಪಾಸಾದ ಮೇಲೆ: ಮೆಂಬರ್‌ಶಿಪ್ ಕೂಡಲೇ, ಸಿಓಪಿ ಯಾವಾಗ?

ಪ್ರಶ್ನೆ: ನಾನು ಚನ್ನಗಿರಿಯವನು. ಸಿಎ ಫೈನಲ್‌ನ ಎರಡೂ ಗ್ರೂಪ್ ಪಾಸಾಗಿದೆ. ಮೂರು ವರ್ಷದ ಆರ್ಟಿಕಲ್‌ಶಿಪ್‌ನಲ್ಲಿ (ಸಿಎ ಒಬ್ಬರ ಕೈಕೆಳಗಿನ ತರಬೇತಿ) ಇನ್ನೂ ಎರಡು ತಿಂಗಳು ಬಾಕಿ. ಬೆಂಗಳೂರಿನ ಒಂದು ಕಂಪನಿಯವರು ಆಫರ್ ಕೊಟ್ಟು, ಮುಂದಿನ ತಿಂಗಳೇ ಸೇರಿ ಅನ್ನುತ್ತಿದ್ದಾರೆ. ಊರಿನ ಅಡಿಕೆ ವ್ಯಾಪಾರಿಗಳು ಈ ವರ್ಷದಿಂದ ನಮ್ಮ ಟ್ಯಾಕ್ಸ್ ಆಡಿಟ್ ನೀನೇ ಮಾಡಪ್ಪ ಎಂದು ಕೇಳುತ್ತಿದ್ದಾರೆ. ಶನಿವಾರ, ಭಾನುವಾರ ಊರಿಗೆ ಬಂದು ಮಾಡಬಹುದಲ್ಲ? ಪರೀಕ್ಷೆ ಮುಗಿಯಿತಲ್ಲ, ಮಂಡಿಗೆ ನಿನ್ನನ್ನೂ ಪಾರ್ಟ್‌ನರ್ ಮಾಡಿಕೊಳ್ಳುತ್ತೇನೆ ಎನ್ನುತ್ತಾರೆ ತಂದೆ. ಹೆಸರಿನ ಮುಂದೆ ಸಿಎ ಎಂದು ಈಗಿನಿಂದಲೇ ಹಾಕಿಕೊಳ್ಳಬಹುದೇ? ಲೈಸೆನ್ಸ್‌ಗೆ ಏನೇನು ಬೇಕು? ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ನನ್ನ ಹೆಸರಿಗೆ ಇನಿಷಿಯಲ್ ಇದೆ, ಪ್ಯಾನ್‌ನಲ್ಲಿ ಪೂರ್ತಿ ಹೆಸರಿದೆ. ಅದರಿಂದ ತೊಂದರೆಯಾಗುತ್ತದೆಯೇ?

ಉತ್ತರ: ಫೈನಲ್ ಪಾಸಾಗಿದ್ದಕ್ಕೆ ಅಭಿನಂದನೆಗಳು. ಮೊದಲು ಒಂದು ವಿಷಯ ಸ್ಪಷ್ಟವಾಗಲಿ. ಪರೀಕ್ಷೆ ಪಾಸಾಗುವುದು, ಇನ್‌ಸ್ಟಿಟ್ಯೂಟ್‌ನ (ಸಿಎಗಳ ವೃತ್ತಿ ಸಂಸ್ಥೆಯಾದ ಐಸಿಎಐನ) ಮೆಂಬರ್ ಆಗುವುದು, ಪ್ರಾಕ್ಟೀಸ್ ಮಾಡಲು ಅನುಮತಿ ಪಡೆಯುವುದು, ಈ ಮೂರೂ ಬೇರೆ ಬೇರೆ. 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆ ಇವುಗಳನ್ನು ಬೇರೆಯಾಗಿಯೇ ಇಟ್ಟಿದೆ. ನಾಲ್ಕನೇ ಸೆಕ್ಷನ್ ರಿಜಿಸ್ಟರ್‌ನಲ್ಲಿ ಹೆಸರು ಸೇರುವ ಬಗ್ಗೆ ಹೇಳುತ್ತದೆ. ಆರನೇ ಸೆಕ್ಷನ್ ಸರ್ಟಿಫಿಕೇಟ್ ಆಫ್ ಪ್ರಾಕ್ಟೀಸ್, ಅಂದರೆ ನಾವೆಲ್ಲ ಸಿಓಪಿ ಎನ್ನುವುದರ ಬಗ್ಗೆ. ಜನ ಲೈಸೆನ್ಸ್ ಎನ್ನುವುದು ಈ ಸಿಓಪಿಯನ್ನೇ. ನಿಮ್ಮ ಮಟ್ಟಿಗೆ ನನ್ನ ಸಲಹೆ ಇಷ್ಟು: ಮೆಂಬರ್‌ಶಿಪ್ ಅನ್ನು ಒಂದು ದಿನವೂ ತಡಮಾಡದೆ ತೆಗೆದುಕೊಳ್ಳಿ, ಸಿಓಪಿಯನ್ನು ನೌಕರಿ ಬಿಟ್ಟು ಪ್ರಾಕ್ಟೀಸ್‌ಗೆ ಕೂರುವ ದಿನ ತೆಗೆದುಕೊಳ್ಳಿ. ಎರಡನ್ನೂ ಒಟ್ಟಿಗೆ ಹಿಡಿಯಲು ಹೋದರೆ ಯಾವುದೂ ಪೂರ್ತಿ ಕೈಗೆ ಸಿಗುವುದಿಲ್ಲ. ಯಾಕೆ ಎಂದು ಮುಂದೆ ಹೇಳುತ್ತೇನೆ.

ಹೆಸರಿನ ಮುಂದೆ ಸಿಎ ಹಾಕುವ ಪ್ರಶ್ನೆಗೆ ಉತ್ತರ ಚಿಕ್ಕದು: ಈಗ ಬೇಡ. ರಿಜಿಸ್ಟರ್‌ನಲ್ಲಿ ಹೆಸರು ಸೇರಿ ಮೆಂಬರ್‌ಶಿಪ್ ನಂಬರ್ ಬರುವವರೆಗೆ ನೀವು ಕಾನೂನಿನ ಕಣ್ಣಿಗೆ ಚಾರ್ಟರ್ಡ್ ಅಕೌಂಟೆಂಟ್ ಅಲ್ಲ. ಮೆಂಬರ್ ಅಲ್ಲದವರು ಆ ಹೆಸರು ಬಳಸಿದರೆ 24ನೇ ಸೆಕ್ಷನ್ ಪ್ರಕಾರ ಅಪರಾಧ. ವಿಸಿಟಿಂಗ್ ಕಾರ್ಡ್, ಲಿಂಕ್ಡ್‌ಇನ್, ಮದುವೆಯ ಕರೆಯೋಲೆ, ಊರಿನಲ್ಲಿ ಅಭಿಮಾನದಿಂದ ಕಟ್ಟುವ ಅಭಿನಂದನೆಯ ಫ್ಲೆಕ್ಸ್, ಎಲ್ಲಕ್ಕೂ ಇದು ಅನ್ವಯ. ರೆಸ್ಯೂಮೆಯಲ್ಲಿ ‘ಸಿಎ ಫೈನಲ್ ಉತ್ತೀರ್ಣ’ ಎಂದು ಬರೆಯಿರಿ, ಅದು ಸತ್ಯವೂ ಹೌದು, ಸಾಕೂ ಸಾಕು. ಮೆಂಬರ್ ಆದ ಮೇಲೆ ನೌಕರಿಯಲ್ಲಿದ್ದರೂ, ಸಿಓಪಿ ಇಲ್ಲದಿದ್ದರೂ ಹೆಸರಿನ ಮುಂದೆ ಸಿಎ ಹಾಕಿಕೊಳ್ಳಬಹುದು. ಅದಕ್ಕೆ ಏಳನೇ ಸೆಕ್ಷನ್‌ನಲ್ಲೇ ಅವಕಾಶವಿದೆ.

ಇನ್ನು ಬಾಕಿ ಇರುವ ಎರಡು ತಿಂಗಳು. ಮೂರು ವರ್ಷದ ಸ್ಕೀಮ್‌ನಲ್ಲಿ ಕೊನೆಯ ಆರು ತಿಂಗಳಲ್ಲಿರುವಾಗಲೇ ಫೈನಲ್ ಬರೆಯಬಹುದಾದ್ದರಿಂದ, ರಿಸಲ್ಟ್ ಬಂದರೂ ತರಬೇತಿ ಮುಗಿಯದೆ ಉಳಿಯುವುದು ಸಾಮಾನ್ಯ. ಪರೀಕ್ಷೆ ಪಾಸಾಯಿತೆಂದು ಆ ದಿನಗಳು ಮಾಫಿಯಾಗುವುದಿಲ್ಲ. ಕಂಪನಿಯವರು ಅವಸರ ಮಾಡುತ್ತಾರೆಂದು ಮಧ್ಯದಲ್ಲೇ ಹೋಗಿ ಸೇರಬೇಡಿ. ಆರ್ಟಿಕಲ್‌ಶಿಪ್ ನಡೆಯುತ್ತಿರುವಾಗ ಅನುಮತಿಯಿಲ್ಲದೆ ಬೇರೆ ಉದ್ಯೋಗ ಮಾಡುವಂತಿಲ್ಲ. ಕಂಪನಿಗೆ ಸೇರಿದ ದಿನ ನೇಮಕಾತಿ ಪತ್ರದಲ್ಲೂ ಪಿಎಫ್ ದಾಖಲೆಯಲ್ಲೂ ಕೂತಿರುತ್ತದೆ. ಆರ್ಟಿಕಲ್‌ಶಿಪ್ ಮುಗಿದ ದಿನ, ತರಬೇತಿ ಪೂರ್ತಿಯಾಯಿತೆಂದು ಕೊಡುವ ಫಾರ್ಮ್ 108ರಲ್ಲಿರುತ್ತದೆ. ಎರಡು ದಿನಾಂಕ ಒಂದರ ಮೇಲೊಂದು ಬಿದ್ದರೆ ವರ್ಷಗಳ ನಂತರವೂ ವಿವರಣೆ ಕೊಡಬೇಕಾಗುತ್ತದೆ. ಎಚ್‌ಆರ್‌ಗೆ ಒಂದು ಮೇಲ್ ಹಾಕಿ, ಆರ್ಟಿಕಲ್‌ಶಿಪ್ ಮುಗಿಯುವ ದಿನಾಂಕ ತಿಳಿಸಿ, ಅದರ ಮರುದಿನದಿಂದ ಸೇರುತ್ತೇನೆ ಎನ್ನಿ. ಸಿಎಗಳನ್ನು ತೆಗೆದುಕೊಳ್ಳುವ ಕಂಪನಿಗಳಿಗೆ ಇದು ಹೊಸ ವಿಷಯವಲ್ಲ.

ಮುಗಿಯುವ ದಿನ ಯಾವುದು ಎನ್ನುವುದನ್ನೂ ಸರಿಯಾಗಿ ಎಣಿಸಿ. ಮೂರು ವರ್ಷದ ತರಬೇತಿಯಲ್ಲಿ ಸಿಗುವ ರಜೆ 156 ದಿನ. ಓದುವ ರಜೆಯೂ ಇದರೊಳಗೇ ಬರುತ್ತದೆ. ಫೈನಲ್‌ಗೆಂದು ನಾಲ್ಕು ತಿಂಗಳು ಮನೆಯಲ್ಲಿ ಕೂತವರಿಗೆ ಹಬ್ಬ, ಜ್ವರ, ಅಕ್ಕನ ಮದುವೆ ಎಲ್ಲ ಸೇರಿಸಿದರೆ ಲೆಕ್ಕ ಮೀರಿರುತ್ತದೆ. ಮೀರಿದಷ್ಟು ದಿನ ಹೆಚ್ಚುವರಿಯಾಗಿ ದುಡಿದು ತೀರಿಸಬೇಕು. ಇದು ಕೊನೆಯ ವಾರದಲ್ಲಿ ಗೊತ್ತಾದರೆ ಕಂಪನಿಗೆ ಹೇಳಿದ ದಿನಾಂಕವೂ ತಪ್ಪುತ್ತದೆ. ಈ ವಾರವೇ ಆಫೀಸಿನ ಹಾಜರಾತಿ ನೋಡಿ, ಪ್ರಿನ್ಸಿಪಲ್ (ನಿಮಗೆ ತರಬೇತಿ ಕೊಡುತ್ತಿರುವ ಸಿಎ) ಜೊತೆ ಕೂತು ಒಂದು ದಿನಾಂಕ ಗಟ್ಟಿ ಮಾಡಿಕೊಳ್ಳಿ.

ತರಬೇತಿ ಮುಗಿದ ಮೇಲೆ ಪ್ರಿನ್ಸಿಪಲ್ ಕೊಡಬೇಕಾದ್ದು ಫಾರ್ಮ್ 108. ಮೆಂಬರ್‌ಶಿಪ್ ತಡವಾಗುವವರಲ್ಲಿ ಹೆಚ್ಚಿನವರ ಗಾಡಿ ನಿಲ್ಲುವುದು ಇಲ್ಲೇ. ನಡುವೆ ಫರ್ಮ್ ಬದಲಿಸಿದ್ದರೆ ಹಳೆಯ ಪ್ರಿನ್ಸಿಪಲ್‌ರಿಂದ ಅಲ್ಲಿನ ತರಬೇತಿ ಕೊನೆಯಾದ ಫಾರ್ಮ್ 109, ಹೊಸ ಕಡೆಯ ನೋಂದಣಿಯ ಫಾರ್ಮ್ 103 ಎರಡೂ ದಾಖಲೆಯಲ್ಲಿರಬೇಕು. ಒಂದೇ ಫರ್ಮ್‌ನಲ್ಲಿ ಒಬ್ಬ ಪಾರ್ಟ್‌ನರ್‌ನಿಂದ ಇನ್ನೊಬ್ಬರ ಕೈಕೆಳಗೆ ಹೋಗಿದ್ದರೂ ಅಷ್ಟೇ. ಕೂತ ಕುರ್ಚಿ ಬದಲಾಗದೆ ಇರಬಹುದು, ಆದರೆ ನಿಮ್ಮ ನೋಂದಣಿ ಇರುವುದು ಒಬ್ಬ ಮೆಂಬರ್‌ನ ಹೆಸರಿನಲ್ಲಿ, ಫರ್ಮ್‌ನ ಹೆಸರಿನಲ್ಲಲ್ಲ. ಇಂಡಸ್ಟ್ರಿಯಲ್ ಟ್ರೈನಿಂಗ್ ಮಾಡಿದ್ದರೆ ಅದರ ಫಾರ್ಮ್ 104, 105 ಬೇರೆ. ಎರಡು ನೋಂದಣಿಗಳ ನಡುವೆ ಖಾಲಿ ಬಿದ್ದ ದಿನಗಳು ತರಬೇತಿಯ ಲೆಕ್ಕಕ್ಕೆ ಬರುವುದಿಲ್ಲ ಎನ್ನುವುದೂ ನೆನಪಿರಲಿ.

ಇನ್ನೊಂದು ಕೊಂಡಿ ಎಐಸಿಐಟಿಎಸ್‌ಎಸ್, ಅಂದರೆ ಇನ್‌ಸ್ಟಿಟ್ಯೂಟ್‌ನ ಎರಡು ಕಡ್ಡಾಯ ಕಿರು ಕೋರ್ಸ್‌ಗಳು. ಅಡ್ವಾನ್ಸ್ಡ್ ಐಟಿ 15 ದಿನ, ಮ್ಯಾನೇಜ್‌ಮೆಂಟ್ ಅಂಡ್ ಕಮ್ಯುನಿಕೇಶನ್ ಸ್ಕಿಲ್ಸ್ 15 ದಿನ. ಫೈನಲ್‌ಗೆ ಕೂರುವ ಮುಂಚೆಯೇ ಮುಗಿಸಬೇಕು ಎಂಬುದು ನಿಯಮ. ವಿನಾಯಿತಿ ಸಿಕ್ಕಿ ಪರೀಕ್ಷೆ ಬರೆದವರು ಮೆಂಬರ್‌ಶಿಪ್‌ಗೆ ಮುಂಚೆಯಾದರೂ ಮುಗಿಸಲೇಬೇಕು. ಎರಡರಲ್ಲಿ ಒಂದು ಮಾತ್ರ ಮಾಡಿ ಪೂರ್ತಿಯಾಯಿತೆಂದು ನಂಬಿದವರೂ ಇರುತ್ತಾರೆ, ಎರಡೂ ಸರ್ಟಿಫಿಕೇಟ್ ತೆಗೆದು ನೋಡಿ. ಬಾಕಿ ಇದ್ದರೆ ಬೆಂಗಳೂರು ಶಾಖೆಯ ಬ್ಯಾಚ್‌ಗಳು ಬೇಗ ತುಂಬುತ್ತವೆ. ಮಂಗಳೂರು, ಮೈಸೂರು, ಹುಬ್ಬಳ್ಳಿ, ಬೆಳಗಾವಿ ಶಾಖೆಗಳಲ್ಲೂ ವಿಚಾರಿಸಿ.

ಈಗ ಹೆಸರಿನ ವಿಷಯಕ್ಕೆ ಬರೋಣ. ಇದನ್ನು ಸಣ್ಣದೆಂದು ತಳ್ಳಿಹಾಕಬೇಡಿ, ನಮ್ಮ ಕಡೆಯವರಿಗೆ ಬಹಳ ಕಾಡುವುದು ಇದೇ. ಉದಾಹರಣೆಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಮಂಜುನಾಥ ಕೆ. ಆರ್.’ ಎಂದಿರುತ್ತದೆ. ಇನ್‌ಸ್ಟಿಟ್ಯೂಟ್‌ನಲ್ಲಿ ವಿದ್ಯಾರ್ಥಿಯಾಗಿ ನೋಂದಾಯಿಸುವಾಗ ಅದನ್ನೇ ಕೊಟ್ಟಿರುತ್ತಾರೆ. ಪ್ಯಾನ್ ಅರ್ಜಿಯಲ್ಲಿ ಇನಿಷಿಯಲ್‌ಗೆ ಅವಕಾಶವಿಲ್ಲ, ಹಾಗಾಗಿ ಅಲ್ಲಿ ಊರಿನ ಹೆಸರು, ತಂದೆಯ ಹೆಸರು ಎಲ್ಲ ಬಿಡಿಸಿ ‘ಮಂಜುನಾಥ ಕಬ್ಬೂರು ರುದ್ರಪ್ಪ’ ಎಂದಾಗಿರುತ್ತದೆ. ಕಾರ್ಡ್‌ನ ಮೇಲೆ ಅಚ್ಚಾದ ಹೆಸರು ಚಿಕ್ಕದಿರಬಹುದು, ಇಲಾಖೆಯ ದಾಖಲೆಯಲ್ಲಿರುವುದು ಪೂರ್ತಿ ಹೆಸರು. ಆಧಾರ್‌ನಲ್ಲಿ ಮೂರನೆಯ ರೂಪ. ಮೆಂಬರ್‌ಶಿಪ್ ಹೇಗೋ ಸಿಕ್ಕೀತು. ಪೆಟ್ಟು ಬೀಳುವುದು ಆಮೇಲೆ. ಡಿಜಿಟಲ್ ಸಿಗ್ನೇಚರ್ (ಡಿಎಸ್‌ಸಿ) ಬರುವುದು ಪ್ಯಾನ್‌ನ ಹೆಸರಿನಲ್ಲಿ. ಆದಾಯ ತೆರಿಗೆಯ ಇ-ಫೈಲಿಂಗ್ ಪೋರ್ಟಲ್‌ನಲ್ಲಿ ಚಾರ್ಟರ್ಡ್ ಅಕೌಂಟೆಂಟ್ ಎಂದು ನೋಂದಾಯಿಸಲು ಮೆಂಬರ್‌ಶಿಪ್ ನಂಬರ್, ಎನ್‌ರೋಲ್‌ಮೆಂಟ್ ದಿನಾಂಕ, ಪ್ಯಾನ್, ಡಿಎಸ್‌ಸಿ ನಾಲ್ಕೂ ಬೇಕು. ಇನ್‌ಸ್ಟಿಟ್ಯೂಟ್‌ನ ದಾಖಲೆಗೂ ಪ್ಯಾನ್‌ಗೂ ಹೆಸರು ಅಥವಾ ಹುಟ್ಟಿದ ದಿನಾಂಕ ತಾಳೆಯಾಗದೆ ಅಲ್ಲೇ ಸಿಕ್ಕಿಕೊಳ್ಳುವವರು ಎಷ್ಟೋ ಮಂದಿ. ಅದೂ ಕ್ಲೈಂಟ್ ಫೈಲ್ ಹಿಡಿದು ಎದುರಿಗೆ ಕೂತಾಗ.

ಹಾಗಾಗಿ ಮೆಂಬರ್‌ಶಿಪ್‌ನ ಅರ್ಜಿಯಾದ ಫಾರ್ಮ್ 2 ಹಾಕುವ ಮುಂಚೆ ಪ್ಯಾನ್, ಆಧಾರ್, ಇನ್‌ಸ್ಟಿಟ್ಯೂಟ್ ದಾಖಲೆ ಈ ಮೂರರಲ್ಲೂ ಒಂದೇ ಹೆಸರು, ಒಂದೇ ಸ್ಪೆಲಿಂಗ್, ಒಂದೇ ಕ್ರಮ ಇರುವಂತೆ ಮಾಡಿಕೊಳ್ಳಿ. ಮೆಂಬರ್‌ಶಿಪ್ ಸರ್ಟಿಫಿಕೇಟ್‌ನಲ್ಲಿ ಅಚ್ಚಾಗುವ ಹೆಸರನ್ನೇ ಜೀವನವಿಡೀ ಆಡಿಟ್ ರಿಪೋರ್ಟ್‌ಗಳ ಕೆಳಗೆ ಬರೆಯುತ್ತೀರಿ. ಇನ್‌ಸ್ಟಿಟ್ಯೂಟ್ ದಾಖಲೆ ತಿದ್ದಿಸಲು ಅದರ ಪೋರ್ಟಲ್‌ನಲ್ಲೇ ಕೋರಿಕೆ ಹಾಕಿ, ಹೆಸರಿನ ಪೂರ್ತಿ ರೂಪ ತೋರಿಸುವ ದಾಖಲೆ ಲಗತ್ತಿಸಬೇಕು. ಆರ್ಟಿಕಲ್‌ಶಿಪ್‌ನ ಉಳಿದ ಎರಡು ತಿಂಗಳು ಈ ಕೆಲಸಕ್ಕೆ ಹೇಳಿಮಾಡಿಸಿದ ಸಮಯ.

ಅರ್ಜಿ ಹಾಕುವುದು ಇನ್‌ಸ್ಟಿಟ್ಯೂಟ್‌ನ ಸೆಲ್ಫ್ ಸರ್ವಿಸ್ ಪೋರ್ಟಲ್‌ನಲ್ಲಿ. ಎಸ್‌ಎಸ್‌ಪಿ ಎಂದು ಹುಡುಕಿದರೆ ಕರ್ನಾಟಕದ ವಿದ್ಯಾರ್ಥಿವೇತನದ ಪೋರ್ಟಲ್ ಬರುತ್ತದೆ, ಅದಲ್ಲ. ವಿದ್ಯಾರ್ಥಿಯಾಗಿದ್ದಾಗಿನ ಎಸ್‌ಆರ್‌ಓ ನಂಬರ್‌ನ (ವಿದ್ಯಾರ್ಥಿ ನೋಂದಣಿ ಸಂಖ್ಯೆಯ) ಲಾಗಿನ್ ನಡೆಯುತ್ತದೆ. ಫಾರ್ಮ್ 2 ಮೆಂಬರ್‌ಶಿಪ್‌ಗೆ, ಫಾರ್ಮ್ 6 ಸಿಓಪಿಗೆ. ಫಾರ್ಮ್ 2 ತುಂಬುವಾಗಲೇ ಸಿಓಪಿಯೂ ಬೇಕೇ ಎಂಬ ಆಯ್ಕೆ ಎದುರಾದರೆ, ಇರಲಿ ಬಿಡು ಎಂದು ಹೌದು ಒತ್ತಬೇಡಿ. ಫೈನಲ್‌ನ ಎರಡೂ ಗ್ರೂಪ್‌ನ ಅಂಕಪಟ್ಟಿ, ಫಾರ್ಮ್ 108, ಎಐಸಿಐಟಿಎಸ್‌ಎಸ್‌ನ ಎರಡು ಸರ್ಟಿಫಿಕೇಟ್, ಹುಟ್ಟಿದ ದಿನಾಂಕಕ್ಕೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಗುರುತು ಮತ್ತು ವಿಳಾಸದ ದಾಖಲೆ, ಫೋಟೋ, ಸಹಿ ಇವನ್ನು ಸ್ಕ್ಯಾನ್ ಮಾಡಿ ಒಂದೇ ಫೋಲ್ಡರ್‌ನಲ್ಲಿ ಇಟ್ಟುಕೊಳ್ಳಿ. ಮಸುಕಾದ ಸ್ಕ್ಯಾನ್, ಒಂದು ಬದಿ ಮಾತ್ರ ಇರುವ ಆಧಾರ್ ಪ್ರತಿ ಇಂಥವುಗಳಿಗೇ ಅರ್ಜಿ ಹಿಂದೆ ಬರುತ್ತದೆ. ಅರ್ಜಿ ಹಾಕುವ ದಿನ ನಿಮಗೆ 21 ವರ್ಷ ತುಂಬಿರಬೇಕು. ಶುಲ್ಕ ಪೋರ್ಟಲ್‌ನಲ್ಲಿ ಆ ದಿನ ತೋರಿಸುವಷ್ಟು, ಅದರ ಮೇಲೆ ಶೇ. 18 ಜಿಎಸ್‌ಟಿ. ಪ್ರವೇಶ ಶುಲ್ಕ ಒಂದೇ ಸಲ, ವಾರ್ಷಿಕ ಶುಲ್ಕ ಪ್ರತಿ ವರ್ಷ, ಸಿಓಪಿ ತೆಗೆದುಕೊಂಡರೆ ಅದರದ್ದು ಬೇರೆ. ಅರ್ಜಿ ಹಾಕಿದ ಮೇಲೆ ಪೋರ್ಟಲ್‌ನಲ್ಲೂ ಮೇಲ್‌ನಲ್ಲೂ ಆಗಾಗ ನೋಡುತ್ತಿರಿ. ಪ್ರಶ್ನೆ ಎತ್ತಿದ್ದು ತಿಳಿಯದೆ ತಿಂಗಳುಗಟ್ಟಲೆ ಕಾಯುತ್ತ ಕೂತವರಿದ್ದಾರೆ.

ಒಪ್ಪಿಗೆಯಾದರೆ ಆರು ಅಂಕಿಯ ಮೆಂಬರ್‌ಶಿಪ್ ನಂಬರ್ ಬರುತ್ತದೆ, ನೀವು ಎಸಿಎ (ಅಸೋಸಿಯೇಟ್ ಮೆಂಬರ್) ಆಗುತ್ತೀರಿ. ರಿಸಲ್ಟ್ ಬಂದ ದಿನಕ್ಕೆ ಇದನ್ನು ಹಿಂದಕ್ಕೆ ಎಳೆಯಲಾಗುವುದಿಲ್ಲ. ಮೆಂಬರ್‌ಶಿಪ್ ಬೇಗ ತೆಗೆದುಕೊಳ್ಳಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ಐದು ವರ್ಷದ ನಂತರ ಎಫ್‌ಸಿಎ (ಫೆಲೋ ಮೆಂಬರ್) ಆಗಲು, ಮುಂದೆ ಯಾವುದಾದರೂ ಹುದ್ದೆಗೆ ಇಷ್ಟು ವರ್ಷದ ಮೆಂಬರ್ ಆಗಿರಬೇಕು ಎಂದು ಕೇಳಿದಾಗ, ಎಣಿಕೆ ಶುರುವಾಗುವುದು ಈ ದಿನದಿಂದ.

ಇಷ್ಟೆಲ್ಲ ಹೇಳಿದ್ದು ಮೂರು ವರ್ಷದ ಆರ್ಟಿಕಲ್‌ಶಿಪ್ ಮಾಡಿದ ನಿಮ್ಮಂಥವರಿಗೆ. 2023ರ ಜುಲೈ 1ರಿಂದ ಬಂದ ಹೊಸ ಸ್ಕೀಮ್‌ನಲ್ಲಿ ಎರಡು ವರ್ಷದ ತರಬೇತಿಗೆ ಸೇರಿದವರಿಗೆ ರಜೆಯ ಲೆಕ್ಕವೇ ಬೇರೆ, ನಿಯಮಗಳೂ ಬೇರೆ. ಅವರು ಈ ಉತ್ತರದ ಅಂಕಿಗಳನ್ನು ತಮಗೆ ಹೊಂದಿಸಿಕೊಳ್ಳಬಾರದು.

ಈಗ ನಿಮ್ಮ ಮುಖ್ಯ ಪ್ರಶ್ನೆ: ಬೆಂಗಳೂರಿನಲ್ಲಿ ನೌಕರಿ, ವಾರದ ಕೊನೆಗೆ ಚನ್ನಗಿರಿಯಲ್ಲಿ ಟ್ಯಾಕ್ಸ್ ಆಡಿಟ್. ಇದು ಆಗುವುದಿಲ್ಲ. ಕಾಯ್ದೆಯ ಮೊದಲ ಶೆಡ್ಯೂಲ್, ಮೊದಲ ಭಾಗ, 11ನೇ ಕ್ಲಾಜ್ ಪ್ರಕಾರ ಪ್ರಾಕ್ಟೀಸ್‌ನಲ್ಲಿರುವ ಮೆಂಬರ್ ಅನುಮತಿಯಿಲ್ಲದೆ ಬೇರೆ ಉದ್ಯೋಗ, ವ್ಯಾಪಾರ ಮಾಡಿದರೆ ಅದು ವೃತ್ತಿ ದುರ್ನಡತೆ. ಅನುಮತಿ ಕೇಳಿ, ಕಂಪನಿಯ ಎನ್‌ಓಸಿ ಕೊಟ್ಟು ಪಾರ್ಟ್ ಟೈಮ್ ಸಿಓಪಿ ಪಡೆಯಬಹುದು, ನಿಜ. ಆದರೆ 2005ರ ಏಪ್ರಿಲ್ 1ರಿಂದ ಪಾರ್ಟ್ ಟೈಮ್ ಸಿಓಪಿಯವರು ಆಡಿಟ್, ಸರ್ಟಿಫಿಕೇಶನ್‌ಗೆ ಸಹಿ ಹಾಕುವಂತಿಲ್ಲ. ಟ್ಯಾಕ್ಸ್ ಆಡಿಟ್ ಆ ಸಾಲಿನಲ್ಲೇ ಬರುತ್ತದೆ. ಅಂದರೆ ಅಡಿಕೆ ವ್ಯಾಪಾರಿಗಳು ನಿಮ್ಮಿಂದ ಬಯಸುವ ಒಂದೇ ಕೆಲಸವನ್ನು ಬಿಟ್ಟು ಉಳಿದದ್ದಕ್ಕೆ ಮಾತ್ರ ಅದು ನೆರವಾಗುತ್ತದೆ. ಕಾನೂನು ಸಲಹೆ, ರಿಟರ್ನ್ಸ್, ಲೆಕ್ಕ ಬರೆಸುವುದು ಇಷ್ಟಕ್ಕೆ ಕಂಪನಿಯ ಕೈಕಾಲು ಹಿಡಿದು ಎನ್‌ಓಸಿ ತರುವುದು ನನಗೆ ಸರಿಕಾಣುವುದಿಲ್ಲ.

ಸಿಓಪಿ ಬೇಡ, ಸುಮ್ಮನೆ ರಿಟರ್ನ್ಸ್ ಹಾಕಿಕೊಟ್ಟು ದುಡ್ಡು ತೆಗೆದುಕೊಂಡರೇನು ಎಂಬ ಯೋಚನೆ ಬರಬಹುದು. ಊರಿನ ಅಕೌಂಟೆಂಟ್ ಒಬ್ಬರು ಯಾವ ಲೈಸೆನ್ಸೂ ಇಲ್ಲದೆ ಅದನ್ನು ಮಾಡುತ್ತಿರಬಹುದು, ಅವರಿಗೆ ಅಡ್ಡಿಯಿಲ್ಲ. ಮೆಂಬರ್ ಆದ ಮೇಲೆ ನಿಮಗೆ ಅಡ್ಡಿಯಿದೆ. ಶುಲ್ಕ ಪಡೆದು ಸಾರ್ವಜನಿಕರಿಗೆ ಲೆಕ್ಕಪತ್ರದ ಸೇವೆ ಕೊಡುವುದೇ ಕಾಯ್ದೆಯ ಪ್ರಕಾರ ಪ್ರಾಕ್ಟೀಸ್, ಅದಕ್ಕೆ ಸಿಓಪಿ ಕಡ್ಡಾಯ. ಅಪ್ಪನ ರಿಟರ್ನ್ ಹಾಕಿಕೊಟ್ಟರೆ ಯಾರೂ ಕೇಳುವುದಿಲ್ಲ. ಬೋರ್ಡ್ ಹಾಕಿ, ಬಿಲ್ ಕೊಟ್ಟು ಹತ್ತು ಜನಕ್ಕೆ ಮಾಡುವ ಮಾತು ಬೇರೆ. ಬೇರೆ ಸಿಎಯಿಂದ ಸಹಿ ಹಾಕಿಸಿ ಕೆಲಸ ನೀವು ಮಾಡಿಕೊಡುವ ಏರ್ಪಾಡಿಗಂತೂ ಯಾರು ಎಷ್ಟು ಒತ್ತಾಯಿಸಿದರೂ ಒಪ್ಪಬೇಡಿ. ಸಿಕ್ಕಿಬಿದ್ದರೆ ಇಬ್ಬರ ಮೇಲೂ ಶಿಸ್ತು ಕ್ರಮ.

ಮುಂದೊಂದು ದಿನ ನೌಕರಿ ಬಿಟ್ಟು ಪೂರ್ತಿ ಸಿಓಪಿ ತೆಗೆದುಕೊಂಡಾಗ ಏನೇನು ಜೋಡಿಸಿಕೊಳ್ಳಬೇಕು ಎಂಬುದನ್ನೂ ಹೇಳಿಬಿಡುತ್ತೇನೆ. ನಿಮ್ಮ ಸ್ವಂತ ಹೆಸರಿನಲ್ಲಿ ಪ್ರಾಕ್ಟೀಸ್ ಮಾಡಬಹುದು. ಫರ್ಮ್ ಹೆಸರು ಬೇಕೆಂದರೆ ಮೊದಲು ಹೆಸರಿನ ಒಪ್ಪಿಗೆಗೆ ಫಾರ್ಮ್ 117, ನಂತರ ಫರ್ಮ್ ನೋಂದಣಿಗೆ ಫಾರ್ಮ್ 18. ‘ಟ್ಯಾಕ್ಸ್ ಎಕ್ಸ್‌ಪರ್ಟ್ಸ್’ ಎಂಬಂಥ ವರ್ಣನೆಯ ಹೆಸರು ಸಿಗುವುದಿಲ್ಲ, ನಿಮ್ಮದೇ ಹೆಸರಿನಿಂದ ಮಾಡಿದ ಎರಡು ಮೂರು ರೂಪ ಬರೆದುಕೊಡಿ. ದಕ್ಷಿಣ ಪ್ರಾಂತ್ಯದ ಫರ್ಮ್ ನಂಬರ್‌ಗಳು ‘ಎಸ್’ ಅಕ್ಷರದಿಂದ ಕೊನೆಯಾಗುತ್ತವೆ. ಚನ್ನಗಿರಿ, ಬೆಂಗಳೂರು ಎರಡೂ ಕಡೆ ಆಫೀಸ್ ಇಡುವ ಆಸೆಯಿದ್ದರೆ 27ನೇ ಸೆಕ್ಷನ್ ಓದಿ. ಪ್ರತಿ ಆಫೀಸಿಗೂ ಬೇರೆ ಬೇರೆ ಮೆಂಬರ್ ಉಸ್ತುವಾರಿ ಬೇಕು. ಆ ಮೆಂಬರ್ ವರ್ಷಕ್ಕೆ ಕನಿಷ್ಠ 182 ದಿನ ಆ ಊರಿನಲ್ಲಿ ವಾಸವಿರಬೇಕು ಅಥವಾ ಆ ಆಫೀಸಿಗೆ ಬರುತ್ತಿರಬೇಕು. ಎರಡನೇ ಆಫೀಸು ಮೊದಲನೆಯದಿರುವ ಊರಿನ ಪುರಸಭೆಯ ಗಡಿಯಿಂದ 50 ಕಿಲೋಮೀಟರ್ ಒಳಗಿದ್ದರೆ ವಿನಾಯಿತಿ. ಚನ್ನಗಿರಿಯಿಂದ ಬೆಂಗಳೂರು 200 ಕಿಲೋಮೀಟರ್‌ಗೂ ದೂರ, ಆದ್ದರಿಂದ ಒಬ್ಬರೇ ಇದ್ದಾಗ ಒಂದೇ ಊರು ಆರಿಸಿಕೊಳ್ಳಬೇಕು.

ಸಹಿ ಹಾಕುವ ಜಾಗವನ್ನು ಹತ್ತಿರದಿಂದ ನೋಡಿ: ಫರ್ಮ್‌ನ ಹೆಸರು, ಫರ್ಮ್ ನಂಬರ್, ನಿಮ್ಮ ಸಹಿ, ಹೆಸರು, ಪ್ರೊಪ್ರೈಟರ್ ಎಂಬ ಮಾತು, ಮೆಂಬರ್‌ಶಿಪ್ ನಂಬರ್, ಸ್ಥಳ, ದಿನಾಂಕ, ಕೊನೆಗೆ ಯುಡಿನ್, ಅಂದರೆ ಸಹಿ ಮಾಡಿದ ಪ್ರತಿ ದಾಖಲೆಗೂ ಇನ್‌ಸ್ಟಿಟ್ಯೂಟ್‌ನ ಪೋರ್ಟಲ್‌ನಲ್ಲಿ ತೆಗೆಯುವ ಪ್ರತ್ಯೇಕ ಗುರುತಿನ ಸಂಖ್ಯೆ. 2019ರಲ್ಲಿ ಫೆಬ್ರವರಿ, ಏಪ್ರಿಲ್, ಜುಲೈ ಹೀಗೆ ಮೂರು ಹಂತದಲ್ಲಿ ಎಲ್ಲ ಆಡಿಟ್, ಸರ್ಟಿಫಿಕೇಟ್‌ಗೂ ಯುಡಿನ್ ಕಡ್ಡಾಯವಾಯಿತು. ಅದು 18 ಅಕ್ಷರಗಳ ಸಂಖ್ಯೆ: ಮೊದಲ ಎರಡು ಅಂಕಿ ಇಸವಿಯ ಕೊನೆಯ ಎರಡು ಅಂಕಿ, ನಂತರದ ಆರು ನಿಮ್ಮ ಮೆಂಬರ್‌ಶಿಪ್ ನಂಬರ್, ಉಳಿದ ಹತ್ತನ್ನು ವ್ಯವಸ್ಥೆಯೇ ಕೊಡುತ್ತದೆ. ಪೂರ್ತಿ ಸಿಓಪಿ ಇದ್ದವರಿಗೆ ಮಾತ್ರ ಅದು ಸಿಗುತ್ತದೆ. ಸಹಿಯಾದ 60 ದಿನದೊಳಗೆ ತೆಗೆಯಲು ಅವಕಾಶವಿದ್ದರೂ ಸಹಿ ಹಾಕುವ ಹೊತ್ತಿಗೇ ತೆಗೆಯುವ ಅಭ್ಯಾಸ ಒಳ್ಳೆಯದು. ಸಿಓಪಿ ಬಂದ ದಿನಕ್ಕಿಂತ ಹಿಂದಿನ ದಿನಾಂಕ ಹಾಕಿ ಏನಕ್ಕೂ ಸಹಿ ಮಾಡಬೇಡಿ. ವ್ಯಾಪಾರಿಗಳ ಹಳೆಯ ಆಡಿಟರ್ ಬೇರೆಯಿದ್ದರೆ ಒಪ್ಪಿಕೊಳ್ಳುವ ಮುಂಚೆ ಅವರಿಗೆ ಬರಹದಲ್ಲಿ ತಿಳಿಸಬೇಕು, ತಲುಪಿದ್ದಕ್ಕೆ ಪುರಾವೆ ಇಟ್ಟುಕೊಳ್ಳಿ. ಫೋನಿನಲ್ಲಿ ಹೇಳಿದೆ ಎಂಬುದು ನಿಲ್ಲುವುದಿಲ್ಲ. ಒಬ್ಬ ಮೆಂಬರ್‌ಗೆ ವರ್ಷಕ್ಕೆ 60 ಟ್ಯಾಕ್ಸ್ ಆಡಿಟ್ ಮಿತಿ. ಕಾರ್ಡ್ ಹಂಚಿ, ಪೇಪರ್‌ನಲ್ಲಿ ಜಾಹೀರಾತು ಕೊಟ್ಟು ಗಿರಾಕಿ ಕರೆಯುವಂತಿಲ್ಲ.

ತಂದೆಯವರ ಮಂಡಿಯ ವಿಷಯ. ಆರ್ಟಿಕಲ್‌ಶಿಪ್ ಮುಗಿಯುವವರೆಗೆ ಪಾರ್ಟ್‌ನರ್‌ಶಿಪ್ ಡೀಡ್‌ಗೆ ಸಹಿ ಹಾಕಬೇಡಿ. ಆಮೇಲೆ ಸಿಓಪಿ ಇಲ್ಲದಿರುವಷ್ಟು ದಿನ ಇನ್‌ಸ್ಟಿಟ್ಯೂಟ್ ಕಡೆಯಿಂದ ಅಡ್ಡಿಯಿಲ್ಲ, ನಿಮ್ಮ ಕಂಪನಿಯ ನೇಮಕಾತಿ ಪತ್ರದಲ್ಲಿ ಏನಿದೆ ಎಂಬುದನ್ನಷ್ಟೇ ನೋಡಬೇಕು. ಪ್ರಾಕ್ಟೀಸ್ ಶುರು ಮಾಡುವಾಗ ಚಿತ್ರ ಬದಲಾಗುತ್ತದೆ. ಕುಟುಂಬದ ವ್ಯವಹಾರದಲ್ಲಿ ಪಾಲು ಇಟ್ಟುಕೊಳ್ಳಲು ನಿರ್ದಿಷ್ಟ ಅನುಮತಿ ಬೇಕು, ಅದೂ ಮಂಡಿಯ ನಿರ್ವಹಣೆಗೆ ಕೈಹಾಕುವುದಿಲ್ಲ ಎಂಬ ಷರತ್ತಿನ ಮೇಲೆ. ಚೆಕ್‌ಗೆ ಸಹಿ, ಜಿಎಸ್‌ಟಿಯಲ್ಲಿ ಅಧಿಕೃತ ಸಹಿದಾರ ಎಂಬ ಹೆಸರು ಎಲ್ಲ ನಿಮ್ಮದೇ ಆಗಿದ್ದರೆ ಆ ಮಾತು ನಿಲ್ಲುವುದಿಲ್ಲ. ನಿಮಗೆ ಪಾಲಿರುವ ಮಂಡಿಯ ಆಡಿಟ್‌ಗೆ ನೀವು ಸಹಿ ಹಾಕುವುದಂತೂ ಎರಡನೇ ಶೆಡ್ಯೂಲ್‌ನ ದುರ್ನಡತೆ. ಊರಿನಲ್ಲಿ ಪ್ರಾಕ್ಟೀಸ್ ಮಾಡುವ ಮನಸ್ಸು ಗಟ್ಟಿಯಿದ್ದರೆ ಪಾರ್ಟ್‌ನರ್ ಆಗದಿರುವುದೇ ಮೇಲು. ತಂದೆಯವರಿಗೆ ಈ ಕಾರಣವನ್ನೇ ಬಿಡಿಸಿ ಹೇಳಿ.

ಕೊನೆಯದಾಗಿ ಪ್ರತಿ ವರ್ಷದ ಕೆಲಸ. ವಾರ್ಷಿಕ ಶುಲ್ಕ ಏಪ್ರಿಲ್ 1ಕ್ಕೆ ಬಾಕಿಯಾಗುತ್ತದೆ, ಸೆಪ್ಟೆಂಬರ್ 30ರೊಳಗೆ ಕಟ್ಟಬೇಕು. ಟ್ಯಾಕ್ಸ್ ಆಡಿಟ್ ವರದಿಗೂ ಮಾಮೂಲಿ ಕೊನೆಯ ದಿನ ಅದೇ ಸೆಪ್ಟೆಂಬರ್ 30. ಕ್ಲೈಂಟ್‌ಗಳ ಫೈಲ್‌ಗಳಲ್ಲಿ ಮುಳುಗಿ ತಮ್ಮದೇ ಶುಲ್ಕ ಮರೆತವರ ಹೆಸರು ರಿಜಿಸ್ಟರ್‌ನಿಂದ ತೆಗೆಯಲ್ಪಡುತ್ತದೆ, ಮೆಂಬರ್‌ಶಿಪ್ ಹೋದರೆ ಸಿಓಪಿಯೂ ನಿಲ್ಲುತ್ತದೆ. ಮತ್ತೆ ಸೇರಲು ಫಾರ್ಮ್ 9 ಹಾಕಿ, ಬಾಕಿ ಕಟ್ಟಬೇಕು. ಏಪ್ರಿಲ್‌ನಲ್ಲೇ ಕಟ್ಟಿಬಿಡಿ, ಮೆಂಬರ್‌ನ ವಿವರ ಕೊಡುವ ಕೆವೈಎಂ ಫಾರ್ಮ್ ಕೂಡ ಆಗಲೇ ತುಂಬಿ. ಜೊತೆಗೆ ಸಿಪಿಇ (ಮೆಂಬರ್‌ಗಳ ಮುಂದುವರಿದ ಕಲಿಕೆ) ಗಂಟೆಗಳು: ನೌಕರಿಯಲ್ಲಿದ್ದಾಗ ಮೂರು ವರ್ಷಕ್ಕೆ 60, ಸಿಓಪಿ ಇದ್ದಾಗ 120. ಪೋರ್ಟಲ್‌ನಲ್ಲಿ ಗಂಟೆಗಳು ಜಮೆಯಾಗಿವೆಯೇ ಎಂದು ಡಿಸೆಂಬರ್‌ಗೆ ಮುಂಚೆ ನೋಡಿಕೊಳ್ಳಿ, ಲೆಕ್ಕ ನಡೆಯುವುದು ಕ್ಯಾಲೆಂಡರ್ ವರ್ಷದ ಮೇಲೆ, ಮಾರ್ಚ್‌ಗಲ್ಲ.